ಓದುಗರ ಪ್ರಶ್ನೆ: ಪುಸ್ತಕ ಬಿಡುಗಡೆಯಲ್ಲಿ ಲೇಖಕರ ಮಾತು

ಪುಸ್ತಕ ಬರೆದವರು ಅದರ ಬಗ್ಗೆ ವೇದಿಕೆಯಲ್ಲಿ ಮಾತನಾಡಲು ಹೇಗೆ ಸಿದ್ಧರಾಗಬೇಕು ಎಂದು ಕೇಳಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆಯ್ದುಕೊಂಡಿದ್ದೇವೆ. ಮೊದಲ ಪತ್ರ ದೀರ್ಘವಾಗಿದೆ, ಅದಕ್ಕೆ ಕೊಟ್ಟ ಉತ್ತರವೂ ದೀರ್ಘವಾಗಿದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾದ ಬಾಗಲಕೋಟೆಯ ಮುಳುಗಡೆಯನ್ನು ಕುರಿತು ನಾನು ಬರೆದ ಮೊದಲ ಕಾದಂಬರಿ ಮುಂದಿನ ತಿಂಗಳು ನವನಗರದಲ್ಲಿ ಬಿಡುಗಡೆಯಾಗಲಿದೆ. ಲೇಖಕರ ಮಾತಿಗೆ 20 ನಿಮಿಷ ಕೊಟ್ಟಿದ್ದಾರೆ. ತರಗತಿಯಲ್ಲಿ ಎಂದೂ ಹೆದರದ ನನಗೆ ಈ ಮಾತು ನೆನಪಾದರೆ ಸಾಕು, ಬಾಯಿ ಒಣಗುತ್ತದೆ. ಹತ್ತು-ಹನ್ನೊಂದು ಪುಟಗಳ ಭಾಷಣ ಬರೆದಿಟ್ಟಿದ್ದೇನೆ. ಮೊದಲ ಪುಟವನ್ನು ಪತ್ರದ ಜೊತೆಗೆ ಕಳಿಸಿದ್ದೇನೆ. ಅದನ್ನು ನೋಡಿ ಓದಲೇ, ಬಾಯಿಪಾಠ ಮಾಡಲೇ, ಚೀಟಿಯೂ ಇಲ್ಲದೆ ಮಾತನಾಡಲೇ? ಎಷ್ಟು ಸಲ ಅಭ್ಯಾಸ ಮಾಡಬೇಕು? ಸಭೆಗೆ ಬರುವವರಲ್ಲಿ ಹೆಚ್ಚಿನವರು ಮುಳುಗಡೆಯಲ್ಲಿ ಮನೆ ಕಳೆದುಕೊಂಡವರೇ ಎಂಬುದು ಇನ್ನೊಂದು ಚಿಂತೆ. ಹಳೆಯ ಮನೆಯ ತಲೆಬಾಗಿಲನ್ನು ಚೌಕಟ್ಟು ಸಮೇತ ಕೀಳಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ನಮ್ಮ ತಾಯಿಯವರೂ ಮುಂದಿನ ಸಾಲಿನಲ್ಲಿ ಇರುತ್ತಾರೆ.
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಪತ್ರದ ಕೊನೆಗೆ ಬರೆದಿರುವ ಚಿಂತೆಯನ್ನೇ ಮೊದಲು ತೆಗೆದುಕೊಳ್ಳೋಣ, ಓದಬೇಕೇ, ಬಾಯಿಪಾಠ ಮಾಡಬೇಕೇ ಎಂಬುದೆಲ್ಲ ಅದು ಬಗೆಹರಿದ ಮೇಲಿನ ಮಾತು. ನೀವು ಕಳಿಸಿರುವ ಪುಟದಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು, ಜಲಾಶಯದ ನೀರಿನ ಮಟ್ಟ 519.60 ಮೀಟರ್ ಎಂದು ನಿಂತದ್ದು, ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ, ಘಟಪ್ರಭೆಯ ಕಡೆಯಿಂದ ಹಿನ್ನೀರು ಹಳೆಯ ಪಟ್ಟಣಕ್ಕೆ ಬಂದದ್ದು, ಎಲ್ಲವೂ ಗಣಿತದ ಮೇಷ್ಟರಿಗೆ ತಕ್ಕ ಕ್ರಮದಲ್ಲಿವೆ. ಒಂದೂ ಸುಳ್ಳಲ್ಲ. ಆದರೆ ನವನಗರದ ಸಭೆಯಲ್ಲಿ ಕುಳಿತವರು ಈ ಅಂಕಿಗಳನ್ನು ಕಚೇರಿಯಿಂದ ಕಚೇರಿಗೆ ಅಲೆದು ಕಲಿತವರು. ನೀವು ಹೇಳುವುದಕ್ಕೆ ಮೊದಲೇ ಅವರ ಬಾಯಲ್ಲಿ ಅವು ಇರುತ್ತವೆ. ಇದೇ ಕಾದಂಬರಿಯ ಬಗ್ಗೆ ನಾಳೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಮಾತನಾಡುವ ಸಂದರ್ಭ ಬಂದರೆ ಈ ಪುಟ ಬೇಕಾಗುತ್ತದೆ, ಆದ್ದರಿಂದ ಜೋಪಾನವಾಗಿ ಎತ್ತಿಡಿ. ನವನಗರಕ್ಕೆ ಬೇಡ.

ನಡೆದ ಸಂಗತಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರ ಮುಂದೆ ನಿಂತಾಗ ಲೇಖಕನಿಗೆ ಉಳಿಯುವುದು ಲೇಖಕನ ಪಾಲಿನ ಸಂಗತಿ ಮಾತ್ರ. ಇಡೀ ಊರು ಕಂಡದ್ದನ್ನು ಬರೆಯಲು ನೀವೇಕೆ ಹೊರಟಿರಿ, ಲೆಕ್ಕ ಕಲಿಸುತ್ತಿದ್ದವರು ವರದಿ ಬರೆಯದೆ ಕಾದಂಬರಿಗೆ ಏಕೆ ಕೈಹಾಕಿದಿರಿ, ಯಾವ ಅಧ್ಯಾಯ ಬರೆದು ಹರಿದುಹಾಕಿದಿರಿ, ಯಾರ ಮನೆಯ ಕತೆಯನ್ನು ತಿಳಿದೂ ಬಿಟ್ಟಿರಿ, ಇವನ್ನು ನಿಮ್ಮ ಹೊರತು ಬೇರೆಯವರು ಹೇಳಲಾರರು. ಕಾದಂಬರಿಯ ಕತೆಯನ್ನು ಸಂಕ್ಷೇಪಿಸಿ ಹೇಳುವುದಂತೂ ಖಂಡಿತ ಬೇಡ. ಕೃತಿ ಪರಿಚಯ ಮಾಡುವವರು ಅದನ್ನು ನಿಮಗಿಂತ ಮೊದಲೇ ಮಾಡಿರುತ್ತಾರೆ, ಅನೇಕ ಸಲ ಕೊನೆಯ ಅಧ್ಯಾಯದಲ್ಲಿ ಏನಾಯಿತು ಎಂಬುದನ್ನೂ ಬಿಡದೆ ಮಾಡಿರುತ್ತಾರೆ.

20 ನಿಮಿಷಗಳಲ್ಲಿ ಒಂದು ವಿಷಯವನ್ನು ಚೆನ್ನಾಗಿ ಹೇಳಬಹುದು, ಎರಡನ್ನು ಅವಸರದಲ್ಲಿ ಹೇಳಬಹುದು. ನಿಮಗೆ ಆ ಒಂದು ವಿಷಯ ಸಿಕ್ಕಿದೆ, ಆದರೆ ಅದನ್ನು ಭಾಷಣದಲ್ಲಿ ಇಡದೆ ಪತ್ರದಲ್ಲಿ ಇಟ್ಟಿದ್ದೀರಿ: ಆ ತಲೆಬಾಗಿಲು. ಮೊದಲ ಪುಟದ ನಡುವೆ ಈ ವಾಕ್ಯವಿದೆ: “ಕೃಷ್ಣಾ ಮೇಲ್ದಂಡೆ ಯೋಜನೆಯ ಅನುಷ್ಠಾನದಿಂದಾಗಿ ಪೂರ್ವಿಕರ ನೆಲೆಯನ್ನು ಕಳೆದುಕೊಂಡ ಸಂತ್ರಸ್ತ ಕುಟುಂಬಗಳ ಭಾವನಾತ್ಮಕ ತುಮುಲಗಳನ್ನು ಕಾದಂಬರಿಯ ಚೌಕಟ್ಟಿನಲ್ಲಿ ಹಿಡಿದಿಡುವ ವಿನಮ್ರ ಪ್ರಯತ್ನ ಇದಾಗಿದೆ.” ಮುದ್ರಿತ ಪುಟದಲ್ಲಿ ಇದನ್ನು ಓದುವವರು ಬೇಕಾದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದುತ್ತಾರೆ, ಕೇಳುವವರಿಗೆ ಆ ಅನುಕೂಲವಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುವುದರಿಂದ, ಯಾರು ಏನು ಮಾಡಿದರು ಎಂದು ತಿಳಿಯುವವರೆಗೆ ನಡುವಿನ ಎಲ್ಲ ವಿಶೇಷಣಗಳನ್ನೂ ಕೇಳುಗ ನೆನಪಿನಲ್ಲಿ ಹೊತ್ತು ಕೂರಬೇಕಾಗುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: “ನೀರು ಬರುವ ವರ್ಷ ನಮ್ಮ ಅವ್ವ ಪಾತ್ರೆ-ಪಡಗ ಕಟ್ಟುವ ಮೊದಲು ಬಡಗಿಯನ್ನು ಕರೆಸಿದಳು. ತಲೆಬಾಗಿಲು ಕೀಳಿಸಿದಳು. ಬಾಗಿಲು ಹೊಸ ಮನೆಗೆ ದೊಡ್ಡದಾಯಿತು. ಅವ್ವ ಬಾಗಿಲು ಕೊಯ್ಯಿಸಲಿಲ್ಲ, ಗೋಡೆ ಒಡೆಸಿದಳು.” ಕೊನೆಯ ಎರಡು ವಾಕ್ಯಗಳನ್ನು ನಾವು ಊಹಿಸಿ ಬರೆದಿದ್ದೇವೆ, ನಿಜವಾಗಿ ನಡೆದದ್ದನ್ನು ಆ ಜಾಗದಲ್ಲಿ ನೀವು ಇಡಬೇಕು. ಇಡುವ ಮೊದಲು ತಾಯಿಯವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ತುಂಬಿದ ಸಭೆಯಲ್ಲಿ ಮಗನ ಬಾಯಿಂದ ತಮ್ಮ ಸುದ್ದಿ ಮೊದಲ ಬಾರಿ ಕೇಳುವಂತಾಗುವುದು ಹಿರಿಯರಿಗೆ ಮುಜುಗರ ತರಬಹುದು.

ಇನ್ನು ಓದುವುದೋ ಹೇಳುವುದೋ ಎಂಬ ಪ್ರಶ್ನೆ. ಪೂರ್ತಿ ಬರೆಯಿರಿ, ಏಕೆಂದರೆ ಬರೆಯುವವರಿಗೆ ವಿಚಾರ ತಿಳಿಯಾಗುವುದು ಬರೆಯುವಾಗಲೇ. ಬರೆದ ಮೇಲೆ ಆ ಹಾಳೆಗಳನ್ನು ಮನೆಯಲ್ಲೇ ಬಿಡಿ. ನೋಡಿಕೊಂಡು ಓದಿದರೆ ತಲೆ ಬಗ್ಗುತ್ತದೆ, ಧ್ವನಿ ಮೈಕಿಗೆ ಹೋಗದೆ ಮೇಜಿಗೆ ಬೀಳುತ್ತದೆ. ಪೂರ್ತಿ ಬಾಯಿಪಾಠ ಮಾಡಿದರೆ ಮರೆತ ಒಂದು ವಾಕ್ಯ ಮುಂದಿನ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಮಗ್ಗಿಯ ನಡುವೆ ತಡವರಿಸಿದ ಹುಡುಗ ಮತ್ತೆ ಮೊದಲಿನಿಂದ ಶುರುಮಾಡುವುದನ್ನು ನೀವು ಎಷ್ಟು ಸಲ ಕಂಡಿಲ್ಲ? ಆದ್ದರಿಂದ ಮೊದಲ ನಾಲ್ಕು ವಾಕ್ಯಗಳನ್ನೂ ಕೊನೆಯ ಎರಡು ವಾಕ್ಯಗಳನ್ನೂ ಮಾತ್ರ ಅಕ್ಷರಶಃ ನೆನಪಿಡಿ. ನಡುವಿನದಕ್ಕೆ ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದದ ಮೇಲೆ ಆರೇಳು ಸುಳಿವಿನ ಪದಗಳನ್ನು ದೊಡ್ಡದಾಗಿ ಬರೆದುಕೊಳ್ಳಿ: ಬಡಗಿ, ಟ್ರ್ಯಾಕ್ಟರು, ಹರಿದ ಅಧ್ಯಾಯ, ಹೀಗೆ. ಕಾಗದ ದಪ್ಪವಾಗಿರಲಿ ಎಂಬುದಕ್ಕೂ ಕಾರಣವಿದೆ. ತೆಳುವಾದ ಹಾಳೆ ಕೈಯ ಸಣ್ಣ ನಡುಕವನ್ನೂ ಹಿಂದಿನ ಸಾಲಿನವರೆಗೆ ಸಾರುತ್ತದೆ, ಮೈಕಿನ ಹತ್ತಿರ ಪರಪರ ಸದ್ದನ್ನೂ ಮಾಡುತ್ತದೆ.

ಕಾದಂಬರಿಯ ಒಂದು ಭಾಗವನ್ನು ಮಾತ್ರ ಪುಸ್ತಕ ಹಿಡಿದೇ ಓದಿ. ಲೇಖಕರ ಮಾತಿನಲ್ಲಿ ಜನ ನಿಜವಾಗಿ ಕಾಯುವುದು ಅದಕ್ಕಾಗಿ, ನಮ್ಮ ಕಡೆಯ ಬಿಡುಗಡೆ ಸಮಾರಂಭಗಳಲ್ಲಿ ತಪ್ಪಿಹೋಗುವುದೂ ಅದೇ. ಹೀಗೆ ಓದಿ ಕೇಳಿಸುವ ಕೆಲಸವನ್ನು ಚಾರ್ಲ್ಸ್ ಡಿಕನ್ಸ್ ಎಷ್ಟು ಶ್ರದ್ಧೆಯಿಂದ ಮಾಡಿದ್ದರು ಎಂಬುದನ್ನು ಪ್ರತಿಯೊಬ್ಬ ಲೇಖಕರೂ ತಿಳಿದಿರಬೇಕು. 1843ರಲ್ಲಿ ಪ್ರಕಟವಾಗಿದ್ದ ತಮ್ಮ ‘ಎ ಕ್ರಿಸ್ಮಸ್ ಕ್ಯಾರಲ್’ ಕೃತಿಯನ್ನು ಅವರು 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಾರ್ವಜನಿಕರ ಮುಂದೆ ಓದಿದಾಗ ಅದು ಸುಮಾರು 3 ಗಂಟೆ ಹಿಡಿಯಿತು. ಅನಂತರ ಅವರು ಮುದ್ರಿತ ಪ್ರತಿಯೊಂದರ ಪುಟಗಳನ್ನು ದೊಡ್ಡ ಹಾಳೆಗಳಿಗೆ ಅಂಟಿಸಿ ಕಟ್ಟಿಸಿ, ಪ್ಯಾರಾಗಳನ್ನೇ ಹೊಡೆದುಹಾಕುತ್ತ ಬಂದರು. ಅಂಚಿನಲ್ಲಿ ಎಲ್ಲಿ ದನಿ ಇಳಿಸಬೇಕು, ಎಲ್ಲಿ ಉಲ್ಲಾಸ ತರಬೇಕು ಎಂದು ತಮಗೆ ತಾವೇ ಸೂಚನೆ ಬರೆದುಕೊಂಡರು. ಆ ಪ್ರತಿ ಇಂದಿಗೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಅಚ್ಚಾಗಿ ಹೆಸರು ಮಾಡಿದ ತಮ್ಮದೇ ವಾಕ್ಯಗಳನ್ನು ಕಿವಿಗಾಗಿ ಕಡಿಯಲು ಅವರು ಹಿಂಜರಿಯಲಿಲ್ಲ. ನೀವೂ ಒಂದು ಪ್ರತಿಯನ್ನು ಇದಕ್ಕಾಗಿ ಬಲಿಕೊಡಿ. ಎರಡು ಪುಟಕ್ಕಿಂತ ಹೆಚ್ಚಿಲ್ಲದ ಭಾಗ ಆರಿಸಿ. ಹೆಚ್ಚು ಪಾತ್ರಗಳು ಬರುವ ಭಾಗ ಬೇಡ, ಯಾರು ಯಾರಿಗೆ ಹೇಳಿದರು ಎಂಬುದು ಕಿವಿಗೆ ತಿಳಿಯುವುದಿಲ್ಲ. ಮುಂದಿನ ಅಧ್ಯಾಯಕ್ಕೆ ಮಾತ್ರ ಬೇಕಾದ ವಾಕ್ಯಗಳನ್ನು ಪೆನ್ಸಿಲಿನಿಂದ ಹೊಡೆಯಿರಿ, ಉಸಿರು ತೆಗೆದುಕೊಳ್ಳುವಲ್ಲಿ ಒಂದು ಗೆರೆ, ನಿಲ್ಲುವಲ್ಲಿ ಎರಡು ಗೆರೆ ಹಾಕಿ.

ಅಭ್ಯಾಸ ಎಷ್ಟು ಸಲ ಎಂದರೆ, ನಡುವಿನ ಯಾವ ಸುಳಿವಿನ ಪದ ತೋರಿಸಿದರೂ ಅಲ್ಲಿಂದ ಮಾತು ಎತ್ತಿಕೊಳ್ಳಲು ಬರುವವರೆಗೆ. ಅಭ್ಯಾಸವನ್ನು ಒಂದೇ ದಿನ ಗುಡ್ಡೆ ಹಾಕದೆ ದಿನಗಳ ಅಂತರ ಬಿಟ್ಟು ಮಾಡಿದರೆ ನೆನಪು ಗಟ್ಟಿಯಾಗುತ್ತದೆ ಎಂಬುದು ಶಿಕ್ಷಕರಾದ ನಿಮಗೆ ಹೊಸತಲ್ಲ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಎದ್ದು ನಿಂತು, ಸಭೆಗೆ ಬೇಕಾದಷ್ಟೇ ಗಟ್ಟಿಯಾಗಿ, ಕೈಯಲ್ಲಿ ಅದೇ ಕಾಗದ ಹಿಡಿದು ಹೇಳಬೇಕು. ಕನ್ನಡಿಯ ಮುಂದೆ ನಿಲ್ಲುವಂತೆ ಹಲವರು ಹೇಳುತ್ತಾರೆ, ನಮಗೆ ಅದು ಒಪ್ಪಿಗೆಯಿಲ್ಲ. ಕನ್ನಡಿ ಮಾತಿನ ಕಡೆಗಿರುವ ಗಮನವನ್ನು ಮುಖದ ಕಡೆಗೆ ಎಳೆಯುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಮರುದಿನ ಕೇಳಿ. ತನ್ನದೇ ಧ್ವನಿ ತನಗೆ ತೆಳುವಾಗಿ, ಅಪರಿಚಿತವಾಗಿ ಕೇಳಿಸುವುದು ಎಲ್ಲರಿಗೂ ಸಹಜ. ಮಾತನಾಡುವಾಗ ತಲೆಬುರುಡೆಯ ಮೂಳೆಗಳ ಮೂಲಕವೂ ಧ್ವನಿ ಒಳಗಿವಿಗೆ ತಲುಪುತ್ತದೆ, ಮುದ್ರಿಕೆಯಲ್ಲಿ ಆ ಪಾಲು ಇರುವುದಿಲ್ಲ. ಅದಕ್ಕೆ ಬೇಸರ ಪಡದೆ ಎರಡನ್ನು ಮಾತ್ರ ಗಮನಿಸಿ: ವಾಕ್ಯದ ಕೊನೆಯ ಪದ ನುಂಗಿಹೋಗುತ್ತಿದೆಯೇ, ಮತ್ತು “ಏನಂದರೆ”, “ಅಂದರೆ ಒಂಥರಾ” ಎಂಬಂಥ ಊರುಗೋಲುಗಳು ಎಲ್ಲೆಲ್ಲಿ ಬರುತ್ತಿವೆ. ಅವು ಬಂದ ಜಾಗದಲ್ಲಿ ಸಾಮಾನ್ಯವಾಗಿ ವಿಚಾರವೇ ಸಡಿಲವಾಗಿರುತ್ತದೆ. ನಾಲಿಗೆಯನ್ನು ಬಯ್ಯದೆ ಬರೆದದ್ದನ್ನು ತಿದ್ದಿ. ಕೊನೆಗೊಮ್ಮೆ ಕಾದಂಬರಿ ಓದದ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ಮುಗಿದ ಮೇಲೆ “ಹೇಗಿತ್ತು?” ಎಂದು ಕೇಳಬೇಡಿ, “ಚೆನ್ನಾಗಿತ್ತು” ಎಂದೇ ಅನ್ನುತ್ತಾರೆ. “ಏನು ನೆನಪಿದೆ?” ಎಂದು ಕೇಳಿ.

ಬಾಯಿ ಒಣಗುವುದು, ಎದೆ ಬಡಿದುಕೊಳ್ಳುವುದು ಮೈಯಲ್ಲಿ ಅಡ್ರಿನಲಿನ್ ಏರುವುದರ ಲಕ್ಷಣಗಳು, ಅಳ್ಳೆದೆಯ ಲಕ್ಷಣಗಳಲ್ಲ. ಅನುಭವಿ ನಟರಿಗೂ ಹೀಗಾಗುತ್ತದೆ, ಮಾತು ಹಿಡಿತಕ್ಕೆ ಬಂದಂತೆ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಮೊದಲ ನಾಲ್ಕು ವಾಕ್ಯಗಳು ಬಾಯಿಗೆ ಬಂದಿರಲಿ ಎಂದದ್ದು ಆ ಹೊತ್ತನ್ನು ದಾಟುವುದಕ್ಕಾಗಿಯೇ. ಹೆಸರು ಕರೆಯುವ ಮೊದಲು ಕುಳಿತಲ್ಲೇ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಹೊರಗೆ ಬಿಡುತ್ತ ಕೂರಿ, ಎದೆಬಡಿತ ತಗ್ಗುತ್ತದೆ. “ನನಗೆ ಭಾಷಣ ಮಾಡಿ ರೂಢಿಯಿಲ್ಲ, ತಪ್ಪಾದರೆ ಕ್ಷಮಿಸಿ” ಎಂಬ ಪೀಠಿಕೆ ಮಾತ್ರ ಬೇಡ. ಅಲ್ಲಿಯವರೆಗೆ ಯಾರೂ ತಪ್ಪು ಹುಡುಕುತ್ತಿರುವುದಿಲ್ಲ. ಬಾಗಿಲಿನ ಪ್ರಸಂಗ ಹೇಳುವಾಗ ತಾಯಿಯವರ ಮುಖ ನೋಡದಿರುವುದು ಕ್ಷೇಮ. ನಾಲ್ಕನೆಯ ಸಾಲಿನಲ್ಲಿ ಒಬ್ಬ ಗಂಭೀರ ಶ್ರೋತೃವನ್ನು ಮೊದಲೇ ಗುರುತಿಸಿಟ್ಟುಕೊಂಡು ಅವರಿಗೆ ಹೇಳಿ.

ಕೊನೆಯದಾಗಿ, 20 ನಿಮಿಷ ಎಂದು ಆಮಂತ್ರಣದಲ್ಲಿ ಅಚ್ಚಾದ ಮಾತ್ರಕ್ಕೆ ಅಷ್ಟೂ ನಿಮ್ಮ ಪಾಲಿಗೆ ಬರುತ್ತದೆಂದು ನಂಬಬೇಡಿ. ಸ್ವಾಗತ, ಪ್ರಾಸ್ತಾವಿಕ, ಸಸಿಗೆ ನೀರೆರೆಯುವುದು, ಬಿಡುಗಡೆ, ಕೃತಿ ಪರಿಚಯ, ಅತಿಥಿಗಳ ನುಡಿ, ಸನ್ಮಾನ ಎಲ್ಲ ಮುಗಿದು ಊಟದ ವಾಸನೆ ಬರುವ ಹೊತ್ತಿಗೆ ಲೇಖಕರ ಸರದಿ. 2022ರಲ್ಲಿ ಸರ್ಕಾರ ನಾಡಗೀತೆಯನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಮಾಡಿತು. ಅತಿಥಿಗಳ ಭಾಷಣಕ್ಕೂ ಅಂಥದೊಂದು ಆದೇಶ ಬಂದಿದ್ದರೆ ಲೇಖಕರು ಬದುಕಿಕೊಳ್ಳುತ್ತಿದ್ದರು. ಅದು ಬರುವವರೆಗೆ ಮೂರು ಅಳತೆಯ ಮಾತು ಸಿದ್ಧವಾಗಿರಲಿ. ಮನೆಯಲ್ಲಿ 16 ನಿಮಿಷಕ್ಕೆ ಮುಗಿಯುವುದು ಸಭೆಯಲ್ಲಿ ಚಪ್ಪಾಳೆ, ನಿಲುಗಡೆ ಸೇರಿ 20 ಆಗುತ್ತದೆ. 10 ನಿಮಿಷ ಸಿಕ್ಕರೆ ಬಾಗಿಲಿನ ಪ್ರಸಂಗ ಮತ್ತು ಪುಸ್ತಕದ ಓದು. “ದಯವಿಟ್ಟು ಬೇಗ ಮುಗಿಸಿ” ಎಂಬ ಚೀಟಿ ಮೊದಲೇ ಬಂದರೆ ಓದು ಮಾತ್ರ. ವೇದಿಕೆಯ ಮೇಲಿರುವವರ ಹೆಸರು, ಬಿರುದುಗಳನ್ನು ನಿರೂಪಕರು ಅದಾಗಲೇ ಹಲವು ಬಾರಿ ಹೇಳಿರುತ್ತಾರೆ. “ವೇದಿಕೆಯ ಹಿರಿಯರಿಗೆ, ಎದುರಿಗಿರುವ ಎಲ್ಲರಿಗೂ ನಮಸ್ಕಾರ” ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಮುದ್ರಕರಿಂದ ಹಿಡಿದು ಎಲ್ಲರಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ಪುಸ್ತಕದ ಮೊದಲ ಪುಟಗಳಲ್ಲೇ ಸಲ್ಲಿಸಿರುತ್ತೀರಿ.

ಪ್ರಶ್ನೆ: ನನ್ನ ಕವನ ಸಂಕಲನದ ಬಗ್ಗೆ ಬೆಳಗಾವಿಯಲ್ಲಿ ಮಾತನಾಡಬೇಕಾಗಿದೆ. ಕವನಗಳು ನಮ್ಮ ಗೋಕಾಕ ಕಡೆಯ ಆಡುಮಾತಿನಲ್ಲಿವೆ. ಭಾಷಣವನ್ನೂ ಅದೇ ಮಾತಿನಲ್ಲಿ ಮಾಡಿದರೆ ಗಾಂಭೀರ್ಯ ಹೋಗುತ್ತದೆ ಎಂದು ಮನೆಯವರ ಅಭಿಪ್ರಾಯ. ಪುಸ್ತಕದ ಭಾಷೆ ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಏನು ಮಾಡಲಿ?
— ಓದುಗರು, ಗೋಕಾಕ

ಉತ್ತರ: ಗಾಂಭೀರ್ಯದ ಬಗ್ಗೆ ಚಿಂತೆ ಬೇಡ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಬೆಳಗಾವಿ ಸೀಮೆಯ ಮಾತನ್ನೇ ಕಾವ್ಯಕ್ಕೂ ನಾಟಕಕ್ಕೂ ತಂದು 2010ರ ಸಾಲಿನ ಜ್ಞಾನಪೀಠ ಪಡೆದವರು. ನೀವು ಬ್ಯಾಂಕಿನಲ್ಲಿ, ಪರಿಚಯವಿಲ್ಲದ ಹಿರಿಯರ ಹತ್ತಿರ ಹೇಗೆ ಮಾತನಾಡುತ್ತೀರೋ ಆ ಕನ್ನಡವನ್ನು ವೇದಿಕೆಗೂ ಇಟ್ಟುಕೊಳ್ಳಿ. ಅದರಲ್ಲಿ “ಐತಿ”, “ಬಂದೇನಿ” ಬಂದರೆ ಬರಲಿ. ಕವನ ಓದುವಾಗ ಮಾತ್ರ ಒಂದು ಅಕ್ಷರವನ್ನೂ ಶಿಷ್ಟಕ್ಕೆ ತಿರುಗಿಸಬೇಡಿ, ಲಯ ಕೆಡುತ್ತದೆ. ನಮ್ಮ ಆಕ್ಷೇಪ ಇರುವುದು ಚಪ್ಪಾಳೆಗಾಗಿ ಆಡುಮಾತನ್ನು ಉಬ್ಬಿಸಿ ಆಡುವುದಕ್ಕೆ: ಮನೆಯಲ್ಲಿ ಯಾರೂ ಆಡದಷ್ಟು ಗಡುಸಾದ ಹಳ್ಳಿಮಾತನ್ನು ವೇದಿಕೆಯಲ್ಲಿ ಆಡಿ ನಗಿಸುವ ರೂಢಿ ಹೆಚ್ಚಾಗಿದೆ, ಅದು ಆ ಮಾತನ್ನೇ ನಗೆಪಾಟಲು ಮಾಡುತ್ತದೆ. ಬೆಳಗಾವಿಯ ಸಭೆಯಲ್ಲಿ ಮನೆಮಾತು ಮರಾಠಿಯಾಗಿರುವ ಕನ್ನಡ ಪ್ರೀತಿಯವರೂ ಇರುತ್ತಾರೆ. ಅವರಿಗಾಗಿ ಒಂದೆರಡು ಅಪರೂಪದ ಪದಗಳನ್ನು ಓದುವ ಮೊದಲೇ ಬಿಡಿಸಿ ಹೇಳಿ; ಕವನದ ನಡುವೆ ನಿಲ್ಲಿಸಿ ವಿವರಿಸಬೇಡಿ.

ಪ್ರಶ್ನೆ: ವಿಜಯಪುರದ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಪ್ರಬಂಧ ಸಂಕಲನದ ಬಗ್ಗೆ ಮಾತನಾಡಿದಾಗ ಹಿಂದೆ ಕುಳಿತವರಿಗೆ ಒಂದು ಮಾತೂ ತಿಳಿಯಲಿಲ್ಲವಂತೆ. ಧ್ವನಿ ದೊಡ್ಡದು ಮಾಡಿದಷ್ಟೂ ಕೆಟ್ಟಿತು ಎನ್ನುತ್ತಾರೆ. ಮತ್ತೆ ಅಲ್ಲಿಯೇ ಕಾರ್ಯಕ್ರಮವಿದೆ.
— ಓದುಗರು, ವಿಜಯಪುರ

ಉತ್ತರ: ಅವರು ಹೇಳಿದ್ದು ಸರಿಯಾಗಿಯೇ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಸುಮಾರು 17 ಮೀಟರಿಗಿಂತ ದೂರದ ಗೋಡೆಗೆ ತಾಗಿ ಮರಳಿದ ಶಬ್ದವನ್ನು ಕಿವಿ ಬೇರೆಯೇ ಶಬ್ದವೆಂದು ಗುರುತಿಸುತ್ತದೆ. ಅದಕ್ಕಿಂತ ಹತ್ತಿರದ ಗೋಡೆಗಳಿಂದ ಮರಳಿದ್ದು ಮೂಲ ಶಬ್ದದೊಂದಿಗೆ ಬೆರೆತು ಅದನ್ನು ಮಸುಕು ಮಾಡುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ಹಲವು ಸಲ ಮರಳಿ ಕೇಳಿಸುವುದನ್ನು ಬಾಲ್ಯದಿಂದ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಾರೆ ಗೋಡೆ, ಟೈಲ್ಸ್ ನೆಲ, ತಗಡಿನ ಛಾವಣಿಯ ಮಂಟಪದಲ್ಲಿ ಗಟ್ಟಿಯಾಗಿ ಕೂಗಿದರೆ ಮರುದನಿಯೂ ಅಷ್ಟೇ ಗಟ್ಟಿಯಾಗುತ್ತದೆ. ಅಲ್ಲಿ ಬೇಕಾದದ್ದು ನಿಧಾನ: ವಾಕ್ಯ ಚಿಕ್ಕದಿರಲಿ, ಅದು ಪೂರ್ತಿ ಅಡಗಿದ ಮೇಲೆ ಮುಂದಿನದು ಬರಲಿ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ಮುದ್ರಿಕೆಯೊಂದನ್ನು ಕೇಳಿ. ವಿಷಯಕ್ಕಾಗಿ ಕೇಳಿದವರು ಬಹಳ ಜನ. ನೀವು ಒಮ್ಮೆ ವಾಕ್ಯಗಳ ನಡುವಿನ ಬಿಡುವಿಗಾಗಿ ಕೇಳಿ. ಸಾವಿರಾರು ಜನರ ಬಯಲು ಸಭೆಯಲ್ಲೂ ಅವರು ದನಿ ಏರಿಸದೆ ಮಾತನಾಡುತ್ತಿದ್ದರು.

ಕಾರ್ಯಕ್ರಮಕ್ಕೆ ಮುಂಚೆ ಹೋಗಿ ಮೈಕು ನೋಡಿ. ಕೈಯಲ್ಲಿ ಹಿಡಿಯುವ ಮೈಕಾದರೆ ಗದ್ದದ ಹತ್ತಿರ, ಬಾಯಿಗೆ ನೇರವಾಗಿರದಂತೆ ಹಿಡಿಯಿರಿ. ಆಗ “ಪ”, “ಫ” ಉಚ್ಚರಿಸುವಾಗ ಢಬ್ ಎಂಬ ಸದ್ದು ಬರುವುದಿಲ್ಲ. ತಲೆ ತಿರುಗಿದ ಕಡೆಗೆ ಮೈಕೂ ತಿರುಗಬೇಕು. ಊದಿ, ತಟ್ಟಿ ನೋಡುವುದರ ಬದಲು ಭಾಷಣದ ಮೊದಲ ವಾಕ್ಯವನ್ನೇ ಹೇಳಿ, ಗೆಳೆಯರೊಬ್ಬರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳಿ. ಖಾಲಿ ಮಂಟಪದಲ್ಲಿ ಮರುದನಿ ಹೆಚ್ಚು. ಜನ ತುಂಬಿದ ಮೇಲೆ ಮೈ-ಬಟ್ಟೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಸ್ವಲ್ಪ ಸುಧಾರಿಸುತ್ತದೆ. ಫ್ಯಾನುಗಳ ಸದ್ದು ಹೆಚ್ಚಿದ್ದರೆ ವೇದಿಕೆಯ ಸಮೀಪದ ಎರಡನ್ನಾದರೂ ನಿಲ್ಲಿಸಲು ಹೇಳಿ, ಬೇಸಿಗೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂಬುದು ಬೇರೆ ಮಾತು.

ಪ್ರಶ್ನೆ: ಲೇಖಕರ ಮಾತಿನ ನಂತರ ಸಂವಾದ ಇಟ್ಟಿದ್ದಾರೆ. “ನಿಮ್ಮ ಕತೆಯ ಗೌಡರು ನಮ್ಮೂರಿನ ಇಂಥವರೇ ಅಲ್ಲವೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ಮನೆಯವರೂ ಸಭೆಯಲ್ಲಿರುತ್ತಾರೆ. ಇದಕ್ಕೂ ಅಭ್ಯಾಸ ಸಾಧ್ಯವೇ?
— ಓದುಗರು, ಜಮಖಂಡಿ

ಉತ್ತರ: ಭಾಷಣಕ್ಕಿಂತ ಇದಕ್ಕೇ ಅಭ್ಯಾಸ ಹೆಚ್ಚು ಬೇಕು. ಕೇಳಬಾರದು ಎಂದು ನೀವು ಬಯಸುವ ಐದು ಪ್ರಶ್ನೆಗಳನ್ನು ಬರೆದು, ಮುಲಾಜಿಲ್ಲದ ಒಬ್ಬ ಗೆಳೆಯರ ಕೈಗೆ ಕೊಟ್ಟು, ಒರಟಾಗಿ ಕೇಳಲು ಹೇಳಿ. ಉತ್ತರ ಎರಡು ಮೂರು ವಾಕ್ಯಗಳನ್ನು ಮೀರದಂತೆ ನೋಡಿಕೊಳ್ಳಿ. ಉತ್ತರ ಬೆಳೆದಷ್ಟೂ ಹೆಸರುಗಳು ಜಾರುತ್ತವೆ. ವೇದಿಕೆಯಲ್ಲಿ ಕೇಳಿದವರ ಪ್ರಶ್ನೆಯನ್ನು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಪುನಃ ಹೇಳಿ, ಆದರೆ ಅವರು ಎತ್ತಿದ ವ್ಯಕ್ತಿಯ ಹೆಸರನ್ನು ಬಿಟ್ಟು ಹೇಳಿ: “ಗೌಡರ ಪಾತ್ರ ಎಲ್ಲಿಂದ ಬಂತು ಎಂದು ಕೇಳಿದ್ದಾರೆ.” ಪಾತ್ರವನ್ನು ಹಲವರಿಂದ ಕಟ್ಟಿದ್ದು ನಿಜವಾದರೆ ಹಾಗೆಂದು ಹೇಳಿ. ಒಬ್ಬರಿಂದಲೇ ಬಂದಿದ್ದರೆ ಅಲ್ಲಗಳೆಯಲೂ ಬೇಡಿ, ಒಪ್ಪಿಕೊಳ್ಳಲೂ ಬೇಡಿ, “ಕತೆಯ ಗೌಡರ ಬಗ್ಗೆ ಕೇಳಿ, ಉತ್ತರಿಸುತ್ತೇನೆ, ಕತೆಯ ಹೊರಗಿರುವವರ ಬಗ್ಗೆ ನಾನು ಮಾತನಾಡುವುದಿಲ್ಲ” ಎಂದು ನಗುಮುಖದಿಂದ ಹೇಳಿ ಮುಂದಿನ ಪ್ರಶ್ನೆಗೆ ಕೈ ತೋರಿಸಿ. ಅದೇ ವ್ಯಕ್ತಿ ಮತ್ತೆ ಎದ್ದರೆ ಅದನ್ನು ನಿಭಾಯಿಸುವುದು ಸಂವಾದ ನಡೆಸುವವರ ಕೆಲಸ. ಈ ಮಾತನ್ನು ಅವರೊಂದಿಗೆ ಹಿಂದಿನ ದಿನವೇ ಆಡಿಟ್ಟುಕೊಳ್ಳಿ.